ಬಾಗಿಲಿಗೆ ಬಂದವಳು

ಬಾಗಿಲು ತೆರೆದ ಶಿವಪ್ರಸಾದ ಅಲ್ಲೇ ಕಲ್ಲಾದ. ಸಿಂಗಾಪುರದ ಸೆಂಗ್‌ಕಾಂಗ್‌ನಲ್ಲಿ ಅವನಿದ್ದ ಬ್ಲಾಕಿನ ಮನೆಮನೆ ಬಾಗಿಲು ತಟ್ಟಿ ಪ್ರಚಾರ ಮಾಡುತ್ತಾ ಬಂದು, ವಿರೋಧ ಪಕ್ಷದ ಟೀ ಶರ್ಟ್ ತೊಟ್ಟು ನಿಂತಿದ್ದವಳು ಅವನ ಮಗಳು ಶಿವಾನಿ. ಇದೇ ರಾಜಕೀಯಕ್ಕೆ ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟು, ಊರಿನ ಇನ್ನೊಂದು ಕಡೆಯ ಕ್ಲೆಮೆಂಟಿಯಲ್ಲಿ ರೂಮು ಮಾಡಿಕೊಂಡಿದ್ದಳು.

ಒಳಗೆ ಸೋಫಾದಲ್ಲಿ ಅವನ ಬಾಸ್ ಕೂತಿದ್ದರು, ಆಳುವ ಪಕ್ಷದ ಕಟ್ಟಾ ಬೆಂಬಲಿಗರು. ಶಿವಪ್ರಸಾದನ ಕೆಲಸ ಮುಂದುವರಿಯುವುದು ಅವರ ಕೈಯಲ್ಲಿತ್ತು. "ಯಾರದು?" ಎಂದು ಅವರು ಕತ್ತು ಚಾಚಿದರು.

ಶಿವಾನಿ ಅವರನ್ನು ನೋಡಿದಳು, ಬಿಳುಚಿದ ಅಪ್ಪನ ಮುಖವನ್ನೂ ನೋಡಿದಳು. "ಗುಡ್ ಈವ್ನಿಂಗ್, ಅಂಕಲ್," ಎಂದಳು ಅಪ್ಪನಿಗೇ, ಅಪರಿಚಿತಳಂತೆ. "ಟ್ಯಾಕ್ಸ್ ಶ್ರೀಮಂತರ ಮೇಲೆ ಹಾಕಲಿ. ಅಕ್ಕಿ ಮೇಲೆ ಯಾಕೆ ಜಿಎಸ್‌ಟಿ?" ಕರಪತ್ರ ಹಿಡಿದ ಕೈ ಚಾಚಿದಳು.

ಶಿವಪ್ರಸಾದ ಆ ಕೈಯನ್ನೇ ಹಿಡಿದುಕೊಂಡ. "ಅಂಕಲ್ ಯಾರವ್ವಾ? ಒಳಗ ಬಾ," ಎಂದು ಬಾಸ್ ಕಡೆ ತಿರುಗಿದ. "ಸರ್, ಇವಳು ನನ್ನ ಮಗಳು."