ಟ್ಯಾಂಕಿಗೆ ಬಿದ್ದ ಪೆಟ್ರೋಲು

ಟ್ಯಾಂಕಿನಿಂದ ತೆಗೆದು ಕಾಗದದ ಮೇಲೆ ಬಿಟ್ಟ ಹನಿ ಕಣ್ಣೆದುರೇ ಆರಿಹೋಯಿತು. ಡೀಸೆಲ್ ಆಗಿದ್ದರೆ ಜಿಡ್ಡಿನ ಕಲೆ ಉಳಿಯಬೇಕಿತ್ತು. ವಿಮಾನ ರಿಪೇರಿಯ ಮೇಸ್ತ್ರಿ ಮೂಸಿ ನೋಡಿದ. ಪೆಟ್ರೋಲು. ಮೊದಲ ಸಲ ಯಾರದೋ ಮರೆವು ಅಂದುಕೊಂಡಿದ್ದ. ಇದು ಎರಡನೆಯ ಸಲ.

ಅವನಿಗೆ ಹೇಸಿಗೆಯಾಯಿತು. ತನಗಿಂತ ಹಳೆಯದಾದ ಎರಡು ಸೀಟಿನ ವಿಮಾನ. ಅದರ ಸವೆದ ಪೆಟ್ರೋಲ್ ಎಂಜಿನ್ ಕಿತ್ತು, ಹೊಸ ಡೀಸೆಲ್ ಎಂಜಿನ್ ಕೂರಿಸಲು ವರ್ಷವಿಡೀ ಮೈ ಮುರಿದಿದ್ದ. ಮೂಗು ಭಾರವಾಯಿತೆಂದು ಬ್ಯಾಟರಿಯನ್ನು ಬಾಲಕ್ಕೆ ಸಾಗಿಸಿದ್ದ. ಡೀಸೆಲ್ಲಿನ ದಪ್ಪ ಕೊಳವೆ ಹಿಡಿಸಲೆಂದು ಟ್ಯಾಂಕಿನ ಬಾಯಿ ಅಗಲ ಮಾಡಿದ್ದ. ಆ ಬಾಯಿಗೆ ಪೆಟ್ರೋಲಿನ ಸಣ್ಣ ಕೊಳವೆಯೂ ಸಲೀಸಾಗಿ ಇಳಿಯುತ್ತದೆ; ಅದೇ ಎಡವಟ್ಟು. ಪೆಟ್ರೋಲು ಕುಡಿದ ಎಂಜಿನ್ ನೆಲದಲ್ಲೇ ಕೆಟ್ಟರೆ ಪುಣ್ಯ. ಮೇಲೇರಿ ಕೆಟ್ಟರೆ? ಸಂಜೆ ಎಂಜಿನ್ ಪರೀಕ್ಷೆ, ನಾಳೆ ಮೊದಲ ಹಾರಾಟ. ಹಾರಿಸುವವಳು ಅವನ ಪೈಲಟ್ ಮಗಳು.

ಇಂಧನದ ಪಂಪು ನೋಡಿಕೊಳ್ಳುತ್ತಿದ್ದವನು ಹೆಂಡತಿಯ ತಮ್ಮ. ಹಲ್ಲು ಕಿರಿಯುತ್ತ ಬಂದ.

"ಏನ್ ಭಾವ, ನಿಮ್ಮ ಲಾರಿ ಹಾರ್ತದಾ, ಬರೀ ಹಾರ್ನ್ ಹೊಡೀತದಾ?"

"ಬಾಯ್ಮುಚ್ಚು. ಪೆಟ್ರೋಲ್ ಹಾಕಿದ್ದು ನೀನೇ ತಾನೆ?"

"ಆಣೆಗೂ ಇಲ್ಲ. ನಗಾಡ್ತೀನಿ, ನಿಜ. ಆದ್ರೆ ಭಾವ, ಅದ್ರಲ್ಲಿ ಕೂರೋದು ನಾನು ಎತ್ತಿ ಆಡಿಸಿದ ಮಗು."

ಮೇಸ್ತ್ರಿ ಹೊಲಸು ಕಂಡವನಂತೆ ಮುಖ ಸಿಂಡರಿಸಿ ಅವನನ್ನು ನೋಡಿದ. ರೆಕ್ಕೆಯ ಪಕ್ಕ ನಿಂತಿದ್ದ ಮಗಳು ಬಿಳಿಚಿಕೊಂಡಿದ್ದಳು.

"ಮಾಮನ್ನ ಬಿಡಿ ಅಪ್ಪ. ಹಾರಾಟ ನಿಲ್ಸಿಬಿಡಿ, ಸಾಕು. ಈ ಎಂಜಿನ್ ನಮಗೆ ಆಗಿಬರ್ತಿಲ್ಲ."

"ನನ್ನ ಮಗಳ ಬಾಯಲ್ಲಿ ಇಂಥ ಮಾತಾ? ಇವಳಿಗೆ ಹುಟ್ಟುತ್ಲೇ ರೆಕ್ಕೆ ಇತ್ತು ಅಂತ ಊರಿಗೆಲ್ಲ ಹೇಳಿದೀನಿ!"

ಅವಳು ನಗಲಿಲ್ಲ.

ಮೇಸ್ತ್ರಿ ಟ್ಯಾಂಕು ಬರಿದು ಮಾಡಿ, ತೊಳೆದು, ಪರೀಕ್ಷೆಗೆ ಸಾಕಾಗುವಷ್ಟು ಡೀಸೆಲ್ ಹಾಕಿದ. ಭಾವಮೈದುನನಿಂದ ಪಂಪಿನ ಬೀಗದಕೈ ಕಿತ್ತು ಮಗಳ ಕೈಗಿಟ್ಟ. ಅವನ ರಟ್ಟೆ ಹಿಡಿದು ಗೇಟಿನ ತನಕ ಎಳೆದೊಯ್ದ.

"ನಮ್ಮನೆ ಹೊಸಿಲು ತುಳಿದ್ರೆ ಜೋಕೆ!" ಎಂದು ಕ್ಯಾಕರಿಸಿ ಉಗಿದ. ಭಾವಮೈದುನ ಕಣ್ಣೊರೆಸಿಕೊಂಡು ಹೋದ.

ಮೈಮೇಲಿನ ಕೊಳೆ ತೊಳೆದುಕೊಂಡವನಂತೆ ಹಗುರಾಗಿ ಮೇಸ್ತ್ರಿ ಶೆಡ್ಡಿಗೆ ಮರಳಿದ.

ಮಗಳು ರೆಕ್ಕೆಯ ಮೇಲಿದ್ದಳು. ಟ್ಯಾಂಕಿನ ಬಾಯಲ್ಲಿ ಪೆಟ್ರೋಲಿನ ಸಣ್ಣ ಕೊಳವೆ ಗಳಗಳ ಎನ್ನುತ್ತಿತ್ತು.

"ಎಂಜಿನ್ ಸಂಜೆ ನೆಲದಲ್ಲೇ ಕೆಟ್ಟೋಗ್ಲಿ ಅಂತ ಹಾಕ್ತಿದ್ದೆ ಅಪ್ಪ. ಹಾರಕ್ಕೆ ಹೆದರಿಕೆ ಅಂದಿದ್ರೆ, ಮಾಮನ್ನ ನೋಡಿದ ಹಾಗೇ ನನ್ನೂ ನೋಡ್ತಿದ್ರಿ."