ಹಸಿರು ಮಾಡಿದ ತಾರೀಖು

ಕೆಂಪು ಬಣ್ಣಕ್ಕೆ ಹೆದರುತ್ತಿದ್ದ ಒಬ್ಬ ಮನುಷ್ಯನ ಕಥೆ ಇದು... ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ.

ಹುಬ್ಬಳ್ಳಿಯಲ್ಲಿ ಲಿಫ್ಟ್‌ಗಳಿಗೆ ಬ್ರೇಕ್ ತಯಾರಿಸುವ ಒಂದು ಫ್ಯಾಕ್ಟರಿ. ಚನ್ನವೀರ ಅಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದ.

ಯಾವ ಪ್ರೊಡಕ್ಷನ್ ಆರ್ಡರ್ ಯಾವಾಗ ಶುರುವಾಗಬೇಕು, ಯಾವಾಗ ಮುಗಿಯಬೇಕು... ಆ ತಾರೀಖುಗಳನ್ನು ಫ್ಯಾಕ್ಟರಿಯ ಕೆಲಸವೆಲ್ಲ ದಾಖಲಾಗುವ ಇಆರ್‌ಪಿ ಸಾಫ್ಟ್‌ವೇರಿಗೆ ಹಾಕುವುದು ಅವನ ಕೆಲಸ.

ಮುಗಿಯಬೇಕಾದ ತಾರೀಖು ದಾಟಿತೋ... ಪರದೆಯ ಮೇಲೆ ಆ ಸಾಲು ಕೆಂಪಾಗುತ್ತಿತ್ತು.

ಬೆಳಗಿನ ಮೀಟಿಂಗಿನಲ್ಲಿ ಮ್ಯಾನೇಜರ್ ಹುಯಿಲಗೋಳ ಸಾಹೇಬರ ಕಣ್ಣು ಹುಡುಕುತ್ತಿದ್ದದ್ದು ಕೆಂಪು ಸಾಲುಗಳನ್ನೇ. ಸಿಕ್ಕರೆ ಎಲ್ಲರೆದುರು ಮಾನ ಹರಾಜು!



ಅದಕ್ಕೇ ಸಾಲು ಕೆಂಪಾದಾಗಲೆಲ್ಲ ಚನ್ನವೀರ, ಸಾಹೇಬರು ಬರುವ ಮೊದಲೇ ತಾರೀಖನ್ನು ಮುಂದಿನ ವಾರಕ್ಕೆ ತಳ್ಳಿಬಿಡುತ್ತಿದ್ದ. ಸಾಲು ಮತ್ತೆ ಹಸಿರು! ಅವನೊಬ್ಬನೇ ಅಲ್ಲ, ಅಲ್ಲಿ ಎಲ್ಲರದೂ ಇದೇ ಪದ್ಧತಿ.

ಸೇಲ್ಸ್‌ನವರು ಅದೇ ತಾರೀಖು ನೋಡಿ ಗಿರಾಕಿಗಳಿಗೆ ಹೇಳುತ್ತಿದ್ದರು. ಎಲ್ಲರಿಗೂ ಸಮಾಧಾನ... ಬ್ರೇಕ್ ಮಾತ್ರ ತಯಾರಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಫೋನ್ ಬಂತು. ಹೆಂಡತಿ ಸುವರ್ಣಾಳಿಗೆ ಹೆರಿಗೆ ನೋವು.

ಆಸ್ಪತ್ರೆಗೆ ಓಡಿದ. ಸುವರ್ಣಾಳ ಸ್ಟ್ರೆಚರ್ ಮತ್ತು ನರ್ಸ್ ಹೊಕ್ಕ ಮೇಲೆ ಲಿಫ್ಟಿನಲ್ಲಿ ಇವನಿಗೆ ಜಾಗವಿರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋಗಿ ಕಾದ.

ಲಿಫ್ಟ್ ಬರಲಿಲ್ಲ... ಧಡ್ ಎಂಬ ಸದ್ದು ಬಂತು. ಅದರ ಹಿಂದೆಯೇ ಸುವರ್ಣಾಳ ಚೀರಾಟ.

ಲಿಫ್ಟ್ ಕೆಳಕ್ಕೆ ಜಾರಿ, ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿತ್ತು.

"ರೀ... ಎಲ್ಲಿ ಅದೀರಿ? ನನಗ ಅಂಜಿಕಿ ಬರಾಕತ್ತೈತ್ರಿ!"

"ಇಲ್ಲೇ ಅದೀನಿ ಸುವರ್ಣಾ... ಅಂಜಬ್ಯಾಡ" ಎಂದು ಲಿಫ್ಟಿನ ಬಾಗಿಲಿಗೆ ಬಾಯಿ ಹಚ್ಚಿ ಕೂಗಿದ.

ಆಸ್ಪತ್ರೆಯ ಲಿಫ್ಟ್ ಮೆಕ್ಯಾನಿಕ್ ಓಡಿ ಬಂದ. "ಬ್ರೇಕ್ ಸವದೈತ್ರಿ. ಹೊಸಾದಕ್ಕ ಆರ್ಡರ್ ಕೊಟ್ಟು ಬಾಳ ದಿನಾ ಆತು. ಕೇಳಿದಾಗೊಮ್ಮೆ ಮುಂದಿನ ವಾರ ಅಂತಾರ."

ಹೇಳುತ್ತಾ ಫ್ಯಾಕ್ಟರಿಯ ಹೆಸರನ್ನೂ ಹೇಳಿದ... ಅದು ಚನ್ನವೀರನದೇ ಫ್ಯಾಕ್ಟರಿ.

"ತಡಾ ಆಕ್ಕೈತಿ ಅಂತ ಖರೇ ಹೇಳಿದ್ರ ಲಿಫ್ಟ್ ಬಂದ್ ಮಾಡಿ ಬ್ಯಾರೆ ಕಡಿಂದ ತರಸ್ತಿದ್ವಿ. ನಂಬಿ ಕುಂತ್ವಿ ನೋಡ್ರಿ" ಎನ್ನುತ್ತಾ ಮೆಕ್ಯಾನಿಕ್ ಮೆಷಿನ್ ರೂಮಿಗೆ ಓಡಿದ.

ಚನ್ನವೀರನಿಗೆ ಆಸ್ಪತ್ರೆಯ ಆರ್ಡರಿನ ಸಾಲು ಕಣ್ಣಿಗೆ ಕಟ್ಟಿತು. ಅವತ್ತು ಬೆಳಿಗ್ಗೆಯಷ್ಟೇ ಅವನೇ ಹಸಿರು ಮಾಡಿದ್ದ ಸಾಲು!

ಒಳಗಿನ ಕೂಗು ಒಮ್ಮೆಲೇ ನಿಂತಿತು...

ಆ ಮೌನಕ್ಕೆ ಹೆದರಿದಷ್ಟು ಅವನು ಯಾವ ಸಾಹೇಬರಿಗೂ ಹೆದರಿರಲಿಲ್ಲ.

ಆಮೇಲೆ ಕೇಳಿಸಿತು... ಕೂಸಿನ ಅಳು.

ಮೆಕ್ಯಾನಿಕ್ ಕೈಯಿಂದಲೇ ಚಕ್ರ ತಿರುಗಿಸಿ ಲಿಫ್ಟನ್ನು ಮೇಲೆತ್ತಿದ. ಬಾಗಿಲು ತೆರೆಯಿತು. "ಹೆಣ್ಣು ಕೂಸ್ರಿ. ತಾಯೀನೂ ಆರಾಮ ಅದಾರ" ಎಂದಳು ನರ್ಸ್. ಚನ್ನವೀರ ಹೆಂಡತಿಯ ಕಾಲಿನ ಬಳಿ ತಲೆಯಿಟ್ಟು ಅತ್ತುಬಿಟ್ಟ.

ಮರುದಿನ ತಾನು ತಳ್ಳಿದ್ದ ತಾರೀಖುಗಳನ್ನೆಲ್ಲ ಮೊದಲಿನಂತೆ ಮಾಡಿ, ಸಾಲುಗಳನ್ನು ಕೆಂಪಾಗಿಯೇ ಬಿಟ್ಟು ಮೀಟಿಂಗಿಗೆ ಹೋದ.

"ಚನ್ನವೀರ, ಏನಿದು ಕೆಂಪು?!"

"ಎಂದೋ ಕೆಂಪಾಗಿತ್ರಿ ಸರ... ನಿಮ್ಮ ಅಂಜಿಕಿಗೆ ನಾನ ಹಸರು ಮಾಡ್ತಿದ್ದೆ."

ಹಿಂದಿನ ದಿನ ಆಸ್ಪತ್ರೆಯಲ್ಲಿ ನಡೆದದ್ದನ್ನೆಲ್ಲ ಹೇಳಿದ.

ಸಾಹೇಬರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಬ್ರೇಕಿಗೆ ಬೇಕಾದ ಮಾಲು ಬಂದೇ ಇಲ್ಲ ಅಂತ ನನಗ ಗೊತ್ತಿರಲಿಲ್ಲೋ... ಹಸರ ಇತ್ತಲ್ಲ, ಅದಕ್ಕ ನಾ ಕೇಳಲೇ ಇಲ್ಲ. ಕೆಂಪು ಕಂಡಕೂಡ್ಲೆ ಒದರಾಡಿ ನಿಮಗ ಇದನ್ನ ಕಲಿಸಿದಾಂವಾ ನಾನ."

ಅಲ್ಲೇ ಫೋನ್ ತೆಗೆದು ಮಾಲು ಕೊಡುವವರಿಗೆ ಹಚ್ಚಿದರು.

ಅಷ್ಟರಲ್ಲಿ ಹಿಂದಿನ ಕುರ್ಚಿಯಿಂದ ಒಂದು ಸಣ್ಣ ದನಿ...

"ಸರ... ನನ್ನವೂ ಕೆಂಪು ಅದಾವ್ರಿ."

ಅದರ ಪಕ್ಕದಿಂದ ಇನ್ನೊಂದು... "ನನ್ನವೂ ರೀ..."

*ತಡವಾಗಿದೆ ಎಂದು ಬಾಯಿಬಿಟ್ಟು ಹೇಳಿದ ದಿನವೇ ಅದಕ್ಕೆ ಕೈ ಹಚ್ಚುವವರು ಸಿಗುತ್ತಾರೆ.*

ಯಾರ ಹೆದರಿಕೆಗೆ ನೀವು ಇವತ್ತು ಯಾವ ಕೆಂಪನ್ನು ಹಸಿರು ಮಾಡಿ ಬಂದಿರಿ?