ನೀಲಮ್ಮ ಇಟ್ಟುಹೋದ ಮೂರನೆಯ ಡಿಸ್ಕು

ಕೈಯಲ್ಲಿದ್ದ ಕೆಲಸ ಬದಿಗಿಟ್ಟು ಸ್ವಲ್ಪ ಕೂತು ಓದಿ... ಇದು ಒಬ್ಬ ಫೋಟೋದವನ ಮನೆಯ ಕಥೆ.

ಗದಗದ ಕಡೆ ಒಂದು ಸಣ್ಣ ಪೇಟೆ. ಅಲ್ಲಿ ಚೆನ್ನವೀರಪ್ಪನ ಸ್ಟುಡಿಯೋ. ತೊಟ್ಟಿಲಿಗೆ ಹಾಕಿದ ಕೂಸಿನಿಂದ ಹಿಡಿದು ಕೋಲೂರಿ ಬರುವ ಅಜ್ಜನ ತನಕ, ಆ ಪೇಟೆಯ ಎಲ್ಲರ ಮುಖವೂ ಅವನ ಕ್ಯಾಮೆರಾದೊಳಗೆ ಒಮ್ಮೆ ಹಾದುಹೋಗಿತ್ತು.

ಮದುವೆ ಫೋಟೋ ಒಯ್ಯಲು ಬಂದವರಿಗೆಲ್ಲ ಅವನ ಉಪದೇಶ ಒಂದೇ...

“ಮೊಬೈಲ್ ನಂಬಬ್ಯಾಡ್ರಿ. ಹಾರ್ಡ್ ಡಿಸ್ಕ್ ತಗೋರಿ. ಕಟ್ ಮಾಡಬ್ಯಾಡ್ರಿ, ಕಾಪಿ ಮಾಡ್ರಿ. ಆದ ಮ್ಯಾಲೆ ತೆಗದು ನೋಡ್ರಿ, ಎಲ್ಲಾ ಬಂದಾವೇನಂತ. ಹಂಗ ಎರಡು ಡಿಸ್ಕಿನಾಗ ಇಡ್ರಿ. ಒಂದು ಕೆಟ್ರ ಇನ್ನೊಂದು ಇರತೈತಿ.”

ತಾನೂ ಹಾಗೇ ಮಾಡಿದ್ದ. ಗೆದ್ದಲು ಹಿಡಿದ ತನ್ನ ಮದುವೆ ಆಲ್ಬಮ್ಮನ್ನೂ ಸ್ಕ್ಯಾನ್ ಮಾಡಿ, ಮನೆಯ ಫೋಟೋಗಳನ್ನೆಲ್ಲ ಎರಡು ಡಿಸ್ಕಿಗೆ ತುಂಬಿದ್ದ. ಎರಡೂ ಸ್ಟುಡಿಯೋದ ಒಂದೇ ಡ್ರಾಯರಿನಲ್ಲಿ, ಅಕ್ಕಪಕ್ಕ.

ಹೆಂಡತಿ ನೀಲಮ್ಮ ನಗುತ್ತಿದ್ದಳು.

“ಏನ್ರೀ, ಒಂದ ಡ್ರಾಯರಿನಾಗ ಎರಡಿಟ್ರ ಅವು ಎರಡು ಹೆಂಗಾದಾವು? ನಮ್ಮವ್ವ ಬೀಜದ ಜೋಳಾನೂ ಒಂದ ಮನ್ಯಾಗ ಇಡತಿದ್ದಿಲ್ಲ. ಅರ್ಧ ತನ್ನ ತಮ್ಮನ ಮನ್ಯಾಗ ಇಡತಿದ್ಲು.”

“ಜ್ವಾಳಾ ನೀ ನೋಡ್ಕೋ ಮಾರಾಯ್ತಿ, ಕಂಪ್ಯೂಟರ್ ನಾ ನೋಡ್ಕೋತೀನಿ!”

ಅವಳಿಗೆ ಒಂದು ಅಭ್ಯಾಸವಿತ್ತು. ಆಯುಧ ಪೂಜೆಯ ದಿನ ಕ್ಯಾಮೆರಾ, ಲ್ಯಾಪ್‌ಟಾಪ್, ಡಿಸ್ಕು, ಎಲ್ಲವನ್ನೂ ಒಂದು ಮಣೆಯ ಮೇಲೆ ಜೋಡಿಸಿ ಕುಂಕುಮ ಹಚ್ಚುವಳು... ಒಂದು ಡಿಸ್ಕನ್ನು ಮಾತ್ರ ಮೆಲ್ಲಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಳು.

“ದೇವರ ಮುಂದಿಡಾಕೂ ಅಂಜಿಕಿ ಏನ ನಿನಗ?”

“ದೇವರಿಗೆ ಅಂಜಂಗಿಲ್ರಿ... ದೀಪಕ್ಕ ಅಂಜತೀನಿ.”

ಒಂದು ಬೇಸಿಗೆಯಲ್ಲಿ, ಜ್ವರವೆಂದು ಆಸ್ಪತ್ರೆಯಲ್ಲಿ ಮಲಗಿದ ನೀಲಮ್ಮ ಮತ್ತೆ ಏಳಲಿಲ್ಲ.

ಆಯುಧ ಪೂಜೆ ಬಂತು. ಚೆನ್ನವೀರಪ್ಪ ಒಬ್ಬನೇ ಮಣೆ ಹಾಕಿದ. ಕ್ಯಾಮೆರಾ, ಲ್ಯಾಪ್‌ಟಾಪ್, ಎರಡೂ ಡಿಸ್ಕು ಇಟ್ಟ. ಅದೂ ದುಡಿಯುವ ಸಾಧನವೇ ಎಂದು ಮೊಬೈಲನ್ನೂ ಇಟ್ಟ. ಗೋಡೆಯ ಮೇಲೆ ನೀಲಮ್ಮನ ಫೋಟೋ, ಹೊಸ ಹೂವಿನ ಹಾರ...

ದೀಪ ಹಚ್ಚಿ, ಕುಂಬಳಕಾಯಿ ಒಡೆಯಲು ಬೀದಿಗೆ ಇಳಿದ. ಅಕ್ಕಪಕ್ಕದ ಅಂಗಡಿಯವರು ಮಾತಿಗೆ ನಿಲ್ಲಿಸಿಕೊಂಡರು.

ಒಳಗೆ ಗಾಳಿಗೆ ಸ್ಟುಡಿಯೋದ ಪರದೆ ಹಾರಿ ದೀಪಕ್ಕೆ ತಾಗಿತ್ತು.

ಜನ ಕೊಡಗಟ್ಟಲೆ ನೀರು ಸುರಿದರು. ಯಾರಿಗೂ ಏನೂ ಆಗಲಿಲ್ಲ, ಶಿವ ದೊಡ್ಡವನು. ಆದರೆ ಮಣೆಯ ಮೇಲೆ ಉಳಿದದ್ದು ಕರಗಿ ಮುದ್ದೆಯಾದ ಪ್ಲಾಸ್ಟಿಕ್ಕು... ಗೋಡೆಯ ಮೇಲೆ ಸುಟ್ಟ ಒಂದು ಚೌಕಟ್ಟು.

ನೆಂಟರ ಮೊಬೈಲುಗಳಲ್ಲೆಲ್ಲ ಹುಡುಕಿಸಿದ. ಒಂದರಲ್ಲಿ ನೀಲಮ್ಮನ ಸೆರಗು. ಇನ್ನೊಂದರಲ್ಲಿ ಬಡಿಸುತ್ತಿರುವ ಕೈ. ಎಲ್ಲ ಮದುವೆ ಮನೆಯಲ್ಲೂ ಅವಳು ಅಡುಗೆಯವರ ಜೊತೆಗೇ ಇದ್ದವಳು! ಆಧಾರ್ ಕಾರ್ಡಿನಲ್ಲಿ ಒಂದು ಮುಖವಿತ್ತು, ಆದರೆ ಅದು ಅವನ ನೀಲಮ್ಮನಂತಿರಲಿಲ್ಲ.

ಊರಿಗೆಲ್ಲ ಮುಖ ಉಳಿಸಿಕೊಟ್ಟವನ ಬಳಿ ಹೆಂಡತಿಯ ಮುಖವಿರಲಿಲ್ಲ...

ಒಂದು ಸಂಜೆ ಬಳೆ ಮಾರುವ ಕಾಶವ್ವ ಬಂದಳು. ನೀಲಮ್ಮನ ಗೆಳತಿ. ಕೈಯಲ್ಲಿ ಒಂದು ಬಳೆ ಪೆಟ್ಟಿಗೆ.

“ಅಣ್ಣಾರ, ಇದನ್ನ ನೀಲಾ ನನ್ನ ಕಡೆ ಕೊಟ್ಟಿದ್ಲು. ಬಳಿ ಇಟ್ಟಂಗ ಜ್ವಾಕ್ಯಾಗಿ ಇಡು, ಅವರು ಕಳಕೊಂಡಾಗಷ್ಟ ಕೊಡು, ಇಲ್ಲಾಂದ್ರ ನಗತಾರ... ಅಂದಿದ್ಲು.”

ಪೆಟ್ಟಿಗೆ ತೆರೆದರೆ, ಕಾಗದದ ಚೂರುಗಳ ನಡುವೆ ಒಂದು ಹಳೆಯ ಸಣ್ಣ ಡಿಸ್ಕು. ‘ಇದರಾಗ ಏನೂ ಹಿಡ್ಯಂಗಿಲ್ಲ’ ಎಂದು ಅವನೇ ಎಸೆದದ್ದು!

ಕಾಶವ್ವನನ್ನೂ ಕರೆದುಕೊಂಡು ಹೋಗಿ ಪಕ್ಕದ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದ.

ಫೋಟೋಗಳು ತೆರೆದುಕೊಂಡವು. ಖುರ್ಚಿಯಲ್ಲೇ ನಿದ್ದೆ ಹೋದ ಚೆನ್ನವೀರಪ್ಪ. ಗಿರ್ಮಿಟ್ ತಿಂದು ಮೀಸೆಗೆ ಮೆತ್ತಿಕೊಂಡ ಚೆನ್ನವೀರಪ್ಪ. ಸ್ಟೂಲು ಹತ್ತಿ ಬೀಗರನ್ನು ‘ನಗ್ರೀ’ ಎಂದು ಬೈಯುತ್ತಿರುವ ಚೆನ್ನವೀರಪ್ಪ...

ಎಲ್ಲ ಅವನೇ. ನೀಲಮ್ಮ ಎಲ್ಲೂ ಇಲ್ಲ.

“ಕಾಶವ್ವ... ತನ್ನ ಫೋಟೋ ಒಂದರೆ ಯಾಕ ಇಡಲಿಲ್ಲ ಆಕಿ?”

ಕಾಶವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು.

“ನಾನೂ ಕೇಳಿದ್ನೆರಿ. ‘ಜಾಗಾ ಸಣ್ಣದೈತಿ ಕಾಶವ್ವ, ಎಲ್ಲಾ ಹಿಡ್ಯಂಗಿಲ್ಲ. ಯಾವುದು ಹೋದ್ರ ನನಗ ತಡಕೊಳ್ಳಾಕ ಆಗಂಗಿಲ್ಲೋ ಅದನ್ನಷ್ಟ ಇಟ್ಟೀನಿ’ ಅಂದ್ಲು.”

ಚೆನ್ನವೀರಪ್ಪ ಕಂಪ್ಯೂಟರಿನ ಪರದೆಯತ್ತ ತಿರುಗಿದ.

ಕೊನೆಯ ಫೋಟೋ ಒಂದು ಉಳಿದಿತ್ತು. ಸ್ಟುಡಿಯೋದ ಕನ್ನಡಿಯ ಮುಂದೆ ಅವನು ತಲೆ ಬಾಚಿಕೊಳ್ಳುತ್ತಿದ್ದಾನೆ... ಆ ಕನ್ನಡಿಯೊಳಗೆ, ಅವನ ಹೆಗಲ ಹಿಂದೆ, ಯಾರೋ ನಿಂತಿದ್ದಾರೆ.

ದೊಡ್ಡದು ಮಾಡಿ ನೋಡಿದ.

ನೀಲಮ್ಮ! ಅರ್ಧ ಮುಖಕ್ಕೆ ಕ್ಯಾಮೆರಾ ಅಡ್ಡ. ಉಳಿದರ್ಧದಲ್ಲಿ ಬಿಗಿಯಾಗಿ ಮುಚ್ಚಿದ ಒಂದು ಕಣ್ಣು, ಅರಿಸಿನದ ಕೆನ್ನೆ, ತುಟಿಯಂಚಿನಲ್ಲಿ ತಡೆದು ಹಿಡಿದ ನಗು...

ಅಷ್ಟೇ ಉಳಿದದ್ದು.

ಅವನು ಪರದೆಯ ಮೇಲೆ ಕೈಯಿಟ್ಟು ಎಳೆಗೂಸಿನಂತೆ ಅತ್ತ.

ಮದುವೆಯ ಫೋಟೋ, ಜಾತ್ರೆಯ ಫೋಟೋ, ಆಸ್ಪತ್ರೆಯಲ್ಲಿ ಅವಳು ಕೊನೆಯ ಸಲ ಕೈ ಎತ್ತಿದ ಫೋಟೋ... ಅವು ಯಾವುವೂ ಮರಳಲಿಲ್ಲ.

ಮುಂದಿನ ವಾರ ಎರಡು ಹೊಸ ಡಿಸ್ಕಿಗೆ ಕಾಪಿ ಮಾಡಿದ. ತೆರೆದು ನೋಡಿ ಖಾತ್ರಿ ಮಾಡಿಕೊಂಡ. ಹಳೆಯದನ್ನು ಅದೇ ಬಳೆ ಪೆಟ್ಟಿಗೆಯಲ್ಲಿಟ್ಟು ಕಾಶವ್ವನ ಮನೆಗೆ ಒಯ್ದ.

“ತಂಗಿ, ಇದು ನಿಮ್ಮ ಮನ್ಯಾಗ ಇರಲಿ. ಆಕಿ ಇಟ್ಟಲ್ಲೇ ಇರಲಿ.”

ಈಗಲೂ ಆಯುಧ ಪೂಜೆಯ ದಿನ ಮಣೆಯ ಮೇಲೆ ಒಂದೇ ಡಿಸ್ಕು. ಇನ್ನೊಂದನ್ನು ಚೆನ್ನವೀರಪ್ಪ ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಗಳಾರತಿ ಎತ್ತುತ್ತಾನೆ...

🙏

*ಕಳೆದರೆ ತಡೆಯಲಾಗದ್ದನ್ನು ನಿಮ್ಮ ಮನೆಯಲ್ಲಷ್ಟೇ ಇಡಬೇಡಿ, ನಿಮ್ಮನ್ನು ಪ್ರೀತಿಸುವವರ ಮನೆಯಲ್ಲೂ ಇಡಿ.*

ಎಲ್ಲರ ಫೋಟೋ ತೆಗೆಯುತ್ತ ಕ್ಯಾಮೆರಾದ ಹಿಂದೆಯೇ ಉಳಿದುಬಿಟ್ಟ ಒಂದು ಮುಖ ನಿಮ್ಮ ಮನೆಯಲ್ಲೂ ಇದೆಯಲ್ಲವೇ... ಆ ಮುಖ ನಿಮ್ಮ ಬಳಿ ಎಷ್ಟು ಕಡೆ ಭದ್ರವಾಗಿದೆ?